ಲಾಭ, ಎರಡು, ಮೂರು

ಆ ಕಾಲಕ್ಕೆ ನಮ್ಮ ಸೀಮೆಯ ಬಸ್ ಡ್ರೈವರುಗಳೆಲ್ಲ, ಯಾವ ರಸ್ತೆಯಲ್ಲಿದ್ದರೂ ಸರಿ, ಹೊರಟು ನಲವತ್ತು ನಿಮಿಷಕ್ಕೆ ಸರಿಯಾಗಿ ಗಾಡಿಯನ್ನು ಎಡಕ್ಕೆ ತೆಗೆದು ನಿಲ್ಲಿಸುತ್ತಿದ್ದರು. ಅಲ್ಲಿ ಚಹಾದಂಗಡಿ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಹೊಲದ ಬದುವಿನ ಮೇಲೆ ಇಳಿದು, ಐದು ನಿಮಿಷ ಸುಮ್ಮನೆ ನಿಂತು, ಬಾಯಿ ಒರೆಸಿಕೊಂಡು ಮತ್ತೆ ಹತ್ತುತ್ತಿದ್ದರು. ದರ್ಜಿಗಳು ಹೊಲಿದ ಅಂಗಿಗಳಿಗೆಲ್ಲ ಎಡತೋಳು ಒಂದು ಬೆರಳಷ್ಟು ಉದ್ದ. ಡಾಕ್ಟರುಗಳು ನಾಡಿ ಹಿಡಿದ ಕೂಡಲೇ ಎರಡು ಸಲ ಕೆಮ್ಮುತ್ತಿದ್ದರು. ರೋಗಿಗೆ ಕೆಮ್ಮು ಇಲ್ಲದಿದ್ದರೂ ಡಾಕ್ಟರಿಗೆ ಇರುತ್ತಿತ್ತು. ಜನ ಇದಕ್ಕೆಲ್ಲ ಒಗ್ಗಿಹೋಗಿದ್ದರು, ಎಡತೋಳನ್ನು ಒಂದು ಮಡಿಕೆ ಮಡಚಿಕೊಂಡು ಓಡಾಡುತ್ತಿದ್ದರು.

ಇದಕ್ಕೆಲ್ಲ ಕಾರಣ ಹಣೆಪಟ್ಟಿ. ಅದು ಬಂದು ಮೂವತ್ತೈದು ವರ್ಷವಾಗಿತ್ತು. ಕೆಲಸದಲ್ಲಿ ಪಳಗಿದ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ತಿಂಗಳು ಅವರ ಮಿದುಳಿನಲ್ಲಿ ಓಡಾಡುವ ಮಿಂಚನ್ನೆಲ್ಲ ಹಿಡಿದು, ಅಂಗಿಯ ಗುಂಡಿಯಷ್ಟು ದೊಡ್ಡ ಬಿಲ್ಲೆಗೆ ಇಳಿಸುತ್ತಿದ್ದರು. ಆ ಬಿಲ್ಲೆಯನ್ನು ಪಟ್ಟಿಗೆ ಸಿಕ್ಕಿಸಿ ಹಣೆಗೆ ಕಟ್ಟಿಕೊಂಡರೆ ಮುಗಿಯಿತು, ಆ ಕೆಲಸ ನಿಮಗೂ ಬಂತು. ಬಿಚ್ಚಿದರೆ ಹೋಯಿತು. ತೊಡಕು ಎರಡೇ. ಕೆಲಸದ ಜೊತೆಗೆ ಆ ಮನುಷ್ಯನ ಚಾಳಿಯೂ ಬಿಲ್ಲೆಗೆ ಇಳಿಯುತ್ತಿತ್ತು: ಮೊದಲ ಡ್ರೈವರಿಗೆ ಚಹಾದ ಚಟ, ಮೊದಲ ಡಾಕ್ಟರಿಗೆ ಕೆಮ್ಮು. ಇನ್ನೊಂದು, ಪಟ್ಟಿ ಕಟ್ಟಿ ಬಂದ ವಿದ್ಯೆ ತಲೆಯಲ್ಲಿ ಬೇರು ಬಿಡುತ್ತಿರಲಿಲ್ಲವಾದ್ದರಿಂದ ಅಂಥ ತಲೆಯಿಂದ ಹೊಸ ಬಿಲ್ಲೆ ಮಾಡಲು ಬರುತ್ತಿರಲಿಲ್ಲ. ಅದಕ್ಕೆ ಮೂಲತಲೆಯೇ ಬೇಕು. ಎಂದರೆ ಹಳೆಯ ಕಾಲದಂತೆ ಕೂತು, ಪೆಟ್ಟು ತಿಂದು, ಮರೆತು, ಮತ್ತೆ ಕಲಿತ ತಲೆ.

ಒಬ್ಬರು ಕಲಿತರೆ ಕೋಟಿ ಜನಕ್ಕೆ ಸಾಕು ಎಂದ ಮೇಲೆ ಶಾಲೆ ಯಾಕೆ ಬೇಕು ಹೇಳಿ? ಸರ್ಕಾರವೂ ಅದನ್ನೇ ಕೇಳಿತು. ಕೇಳಿದ್ದು ಒಂದು ಯಂತ್ರವನ್ನು. ಹುಬ್ಬಳ್ಳಿಯ ಮುನ್ನೋಟ ಕೇಂದ್ರದಲ್ಲಿ ಒಂದು ಇಡೀ ಮಹಡಿ ತುಂಬ ಕೂತಿದ್ದ ಆ ಯಂತ್ರಕ್ಕೆ ಅಲ್ಲಿನ ಸಿಬ್ಬಂದಿ ಇಟ್ಟ ಹೆಸರು ದೊಡ್ಡವ್ವ. ವಾರವಾರ ಸೀಮೆಯಲ್ಲಿ ಏನೇನು ಆಯಿತೆಂದು ಅದಕ್ಕೆ ಬಾಯಿಂದ ಒಪ್ಪಿಸಬೇಕು. ಅದು ಕೇಳಿಸಿಕೊಂಡು, ಯಾವುದರಿಂದ ನಾಡಿಗೆ ಒಳ್ಳೆಯದಾಗುತ್ತದೆ, ಯಾವುದರಿಂದ ಕೆಡುತ್ತದೆ ಎಂದು ಹೇಳುತ್ತಿತ್ತು. ಆ ದೊಡ್ಡವ್ವ ಮೂವತ್ತೈದು ವರ್ಷದಿಂದ ಒಂದೇ ಮಾತು ಹೇಳುತ್ತ ಬಂದಿತ್ತು: "ಶಾಲೆ ಮುಚ್ಚಿದ ವಾರ ಲಾಭ ಕಾಣುತ್ತಿದೆ. ಎರಡು ಮುಚ್ಚಿದ ವಾರ ಕಾಣುತ್ತಿಲ್ಲ. ಆದ್ದರಿಂದ ಅವಸರಪಡದೆ, ವಾರಕ್ಕೆ ಒಂದರಂತೆ ಮುಚ್ಚಿರಿ."

ಅದರಂತೆ ಮುಚ್ಚುತ್ತ ಬಂದರು. ಸಾವಿರದ ಎಂಟುನೂರು ಚಿಲ್ಲರೆ ಶಾಲೆ.

ದೊಡ್ಡವ್ವನ ಮುಂದೆ ಕೂತು ವರದಿ ಒಪ್ಪಿಸುವ ಅಧಿಕಾರಿಯ ಹೆಸರು ಮೋನಪ್ಪ ಬಡಿಗೇರ. ನಲವತ್ತು ವರ್ಷ, ದುಂಡುಮುಖ, ಗಂಟೆಯಂಥ ದನಿ. ಅಜ್ಜ, ಮುತ್ತಜ್ಜ ಎಲ್ಲ ಬಡಿಗತನ ಮಾಡಿದವರು. ಮೋನಪ್ಪನಿಗೆ ಮೊಳೆ ಹೊಡೆಯಲೂ ಬಾರದು. ಅವನಿಗೆ ಆರು ವರ್ಷ ತುಂಬಿದ ವಾರವೇ ಅವನ ಓಣಿಯ ಶಾಲೆ ಮುಚ್ಚುವ ಸರದಿ ಬಂದಿತ್ತು. ಪಟ್ಟಿ ಕಟ್ಟಿಕೊಂಡರೆ ಲೆಕ್ಕದಲ್ಲಿ ಹುಲಿ, ಬಿಚ್ಚಿದರೆ ಎರಡು ಕೈಯ ಬೆರಳು ಎಷ್ಟೆಂದೂ ಗೊತ್ತಿಲ್ಲ. ಇದರಲ್ಲಿ ನಾಚಿಕೆಯೇನೂ ಇರಲಿಲ್ಲ ಬಿಡಿ, ಎಲ್ಲರೂ ಹಾಗೇ ಇದ್ದರು.

ಸೋಮವಾರ ಸೋಮವಾರ ಎಣಿಕೆಯ ಬಿಲ್ಲೆ ಸಿಕ್ಕಿಸಿಕೊಂಡು, ತಾಲೂಕಿನವರು ಕಿವಿಯಲ್ಲಿ ಹೇಳಿದ್ದನ್ನು ಕೂಡಿಸಿ, ಮೋನಪ್ಪ ಗಟ್ಟಿಯಾಗಿ ಒಪ್ಪಿಸುತ್ತಿದ್ದ. "ಈ ವಾರ ಲಾಭ ಶಾಲೆ ಮುಚ್ಚಲಾಯಿತು. ಲಾಭ ಸೇತುವೆ ಕುಸಿಯಿತು. ಮೂರು ಗಿರಣಿ ನಿಂತವು."

ಲಾಭ ಎಂದರೆ ಒಂದು. ಎಣಿಸುವಾಗ ಎಲ್ಲರೂ ಹಾಗೆಯೇ ಎಣಿಸುತ್ತಿದ್ದರು: ಲಾಭ, ಎರಡು, ಮೂರು, ನಾಲ್ಕು. ಆಡುಮಾತಿನಲ್ಲಿ ಒಂದು ಊರು, ಒಂದು ದಿನ ಅನ್ನುವುದು ಇದ್ದೇ ಇತ್ತು. ಆದರೆ ಪಟ್ಟಿ ಕಟ್ಟಿ ಲೆಕ್ಕಕ್ಕೆ ಕೂತರೆ ನಾಲಿಗೆ ತಾನಾಗಿ ಲಾಭ ಅನ್ನುತ್ತಿತ್ತು. ಯಾಕೆ ಎಂದು ಕೇಳಿದವರಿಲ್ಲ. ಹಳಬರು ಕೆಲವರಿಗೆ ಮೊದಮೊದಲು ವಿಚಿತ್ರವೆನಿಸಿತ್ತಂತೆ. ಸರ್ಕಾರದ ಭಾಷೆ ಹಾಗೆಯೇ ಇರುತ್ತದೆ ಎಂದು ಅವರೂ ಸುಮ್ಮನಾದರು.

ಆ ಗುರುವಾರ ಕೇಂದ್ರಕ್ಕೆ ಮುನ್ನೋಟ ಖಾತೆಯ ಮಂತ್ರಿ ಸಿದರಾಯಪ್ಪ ದುಂಡಸಿಯವರು ಬಂದರು. ಮೆಟ್ಟಿಲು ಹತ್ತುವಾಗಲೇ ಅವರ ನಗು ಕೇಳಿಸುತ್ತಿತ್ತು.

"ಮೋನಪ್ಪ, ಇನ್ನ ಎಷ್ಟ್ ಉಳದಾವೋ?"

ಮೋನಪ್ಪ ಪಟ್ಟಿ ಸರಿಮಾಡಿಕೊಂಡ. "ಲಾಭ ಉಳದೈತ್ರಿ ಸಾಹೇಬ್ರ. ಕುಂಬಾರ ಓಣಿಯಾಗ. ಹನ್ನೊಂದು ಮಕ್ಕಳು, ಕಲಿಸೂ ಅಕ್ಕೋರು ಲಾಭ."

"ಹಂಗಾರ ಸೋಮವಾರ ಮುಗಿಸಿ ಬಿಡೂಣು. ದೊಡ್ಡ ಕಾರ್ಯಕ್ರಮ ಆಗಬೇಕು. ಇಡೀ ಸೀಮ್ಯಾಗ ಒಂದೂ ಶಾಲಿ ಇಲ್ಲ ಅಂದ್ರ ಸಣ್ಣ ಮಾತೇನು! ಆ ಹನ್ನೊಂದು ಮಕ್ಕಳನ್ನೂ ಇಲ್ಲಿಗೇ ಕರಕೊಂಡ್ ಬರ್ರಿ, ಒಬ್ಬೊಬ್ಬರಿಗೂ ಫುಕಟ್ ಹಣೆಪಟ್ಟಿ ಕೊಡತೀನಿ, ಹತ್ತು ತುಂಬಿದ ಮ್ಯಾಲ ಕಟ್ಟಿಕೊಳ್ಳಲಿ. ನೀ ದೊಡ್ಡವ್ವಗ ವರದಿ ಒಪ್ಪಸು, ನಾ ಆದೇಶಕ್ಕ ಸಹಿ ಹಾಕತೀನಿ."

"ಸಾಹೇಬ್ರ, ಮೂರು ಗಿರಣಿ ಮತ್ತ ನಿಂತಾವ್ರಿ. ಹೊಸಾ ಯಂತ್ರಕ್ಕ ಬಿಲ್ಲೆ ಇಲ್ಲಂತ. ಬಿಲ್ಲೆ ಮಾಡಾಕ ಮೂಲತಲಿ ಸಿಗವಲ್ದು ಅಂತ."

"ಹೊರಗ ಬೋರ್ಡ್ ನೋಡಿಯಿಲ್ಲೋ? ಲಾಭ ಐತೋ ಇಲ್ಲೋ?"

ಕೇಂದ್ರದ ಗೋಡೆಯ ಮೇಲೆ, ದೊಡ್ಡವ್ವನ ಲೆಕ್ಕದಂತೆ ಉರಿಯುವ ಬೋರ್ಡಿನಲ್ಲಿ, ಆಳೆತ್ತರದ ಅಕ್ಷರಗಳಲ್ಲಿ ಲಾಭ ಎಂದು ಹಸಿರಾಗಿ ಹೊಳೆಯುತ್ತಿತ್ತು. ಅದರ ಕೆಳಗೆ ಅಂಗಡಿಗಳು ಅರ್ಧಕ್ಕರ್ಧ ಬಾಗಿಲು ಹಾಕಿದ್ದವು. ನಿಂತ ಗಿರಣಿಗಳ ಕೆಲಸಗಾರರು ಆ ಬೋರ್ಡಿನ ನೆರಳಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದರು. ಲಾಭವಾಗುತ್ತಿದೆಯಲ್ಲ, ಇವತ್ತಲ್ಲ ನಾಳೆ ನಮ್ಮ ತನಕ ಬಂದೀತು ಎಂಬ ನಂಬಿಕೆ ಅವರದು.

ಮೋನಪ್ಪ ಸಂಜೆ ಮನೆಗೆ ಹೋದ. ಪಟ್ಟಿ ಬಿಚ್ಚಿ ಗೂಟಕ್ಕೆ ಹಾಕಿ ಊಟಕ್ಕೆ ಕೂತ. ಹೆಂಡತಿ ಚಂಪವ್ವ ರೊಟ್ಟಿ ಬಡಿಯುತ್ತಿದ್ದಳು. ಎಂಟು ವರ್ಷದ ಮಗಳು ಕಾಳಿಕಾ, ಮನೆಯವರ ಬಾಯಲ್ಲಿ ಕಾಳಿ, ಬುಟ್ಟಿಯ ಮುಂದೆ ಕೂತು ರೊಟ್ಟಿ ಜೋಡಿಸುತ್ತಿದ್ದಳು.

"ಒಂದು, ಎರಡು, ಮೂರು, ನಾಕು... ಹನ್ನೆರಡು. ಅವ್ವಾ, ಹನ್ನೆರಡು ಅದಾವ. ಅಪ್ಪಗ ಐದು, ನಿನಗ ನಾಕು, ನನಗ ಮೂರು. ಸರಿ ಹೋತು."

ಮೋನಪ್ಪ ಬಾಯಿಗೆ ಒಯ್ದ ತುತ್ತನ್ನು ತಾಟಿಗೇ ಹಾಕಿದ. ಹತ್ತು ವರ್ಷ ತುಂಬುವ ತನಕ ತಲೆಬುರುಡೆ ಬಲಿತಿರುವುದಿಲ್ಲವೆಂದು ಮಕ್ಕಳಿಗೆ ಯಾರೂ ಪಟ್ಟಿ ಕಟ್ಟುತ್ತಿರಲಿಲ್ಲ. ಪಟ್ಟಿಯಿಲ್ಲದ ಮಗು ಎಣಿಸಿದ್ದನ್ನು ಅವನು ಕಂಡಿರಲಿಲ್ಲ, ಕೇಳಿರಲಿಲ್ಲ. ಅಷ್ಟೇ ಅಲ್ಲ, ಹಂಚಿಯೂ ಬಿಟ್ಟಿದ್ದಳು.

"ಲೇ ಚಂಪಾ! ಈಕಿಗೆ ಎಣಸಾಕ ಬರತೈತಿ!" ಮನೆಗೆ ಬೆಂಕಿ ಬಿದ್ದವರ ಹಾಗೆ ಕೂಗಿದ.

ಚಂಪವ್ವ ತಿರುಗಿಯೂ ನೋಡಲಿಲ್ಲ. "ಬರಲಿ ಬಿಡ್ರಿ. ಹೊಟ್ಟಿನೋವಂತೂ ಅಲ್ಲಲ್ಲ."

"ಎಲ್ಲಿ ಕಲತಿ? ಯಾರ ಕಲಿಸ್ಯಾರ?"

ಕಾಳಿ ನಾಲಿಗೆ ಕಚ್ಚಿಕೊಂಡು ಅವ್ವನ ಮುಖ ನೋಡಿದಳು. ಚಂಪವ್ವ ಹಂಚು ಕೆಳಗಿಳಿಸಿ, ಕೈ ಒರೆಸಿಕೊಂಡು ಎದುರಿಗೆ ಬಂದು ಕೂತಳು.

"ಕುಂಬಾರ ಓಣಿ ಶಾಲಿಗೆ ಹೋಗಾಕತ್ತಾಳ. ಮೂರು ವರ್ಷ ಆತು. ದಿನಾ ಅಜ್ಜಿ ಮನಿಗೆ ಹೋಗತಾಳ ಅಂತ ನಿಮಗ ಹೇಳಿದ್ನೆಲ್ಲ, ಅದು ಸುಳ್ಳು."

"ನನ್ನ ಆಫೀಸು ಯಾವುದು, ನನ್ನ ಕೆಲಸ ಏನು, ನಿನಗ ಗೊತ್ತಿಲ್ಲೇನ? ನಾ ಶಾಲಿ ಮುಚ್ಚೂ ವರದಿ ಒಪ್ಪಸ್ತೀನಿ, ನೀ ಮಗಳನ್ನ ಶಾಲಿಗೆ ಕಳಸ್ತಿ!"

"ಮೂರು ವರ್ಷದ ಹಿಂದ ನನ್ನ ಹೊಲಿಗಿ ಬಿಲ್ಲೆ ಸವದು ಹೋತಲ್ಲ, ನೆನಪೈತೇನ್ರಿ? ಹದಿಮೂರು ವರ್ಷ ಹೊಲದೀನಿ. ಓಣಿ ತುಂಬ ನನ್ನ ಕೈಯಿಂದ ಹೊಲದ ಅಂಗಿ ಹಾಕ್ಕೊಂಡಾರ. ಮರುದಿನ ಎದ್ದರ ಸೂಜಿಗೆ ದಾರ ಹಾಕಾಕ ಬರಲಿಲ್ಲ ನನಗ. ಅಂಗಡಿಯವ ಹೊಸಾ ಬಿಲ್ಲೆ ಇಲ್ಲ, ಮೂಲದರ್ಜಿ ಸತ್ತ ಹ್ವಾದ ಅಂದ. ಅವತ್ತು ಭಾಳ ಅತ್ತೆ. ನನ್ನ ಮಗಳ ತಲಿಯಾಗ ಬಿಚ್ಚಾಕ ಬರದಂಥಾದ್ದು ಏನರೆ ಇರಲಿ ಅಂತ ಕಳಿಸೀನಿ. ಬಯ್ಯೂದಿದ್ರ ನನಗ ಬಯ್ರಿ."

ಹೆಂಡತಿ ಅವತ್ತು ಅತ್ತದ್ದು ಮೋನಪ್ಪನಿಗೆ ನೆನಪಿತ್ತು. ಕಣ್ಣಿಗೆ ಕಾಡಿಗೆ ಹೋಗಿದೆ ಅಂದಿದ್ದಳು, ಅವನೂ ನಂಬಿದ್ದ. ಕಡೆಗೆ ಮೆಲ್ಲನೆ ಹೇಳಿದ: "ಸೋಮವಾರ ಆ ಶಾಲಿ ಮುಚ್ಚತಾರ ಚಂಪಾ."

ಕಾಳಿ ರೊಟ್ಟಿ ಕೆಳಗಿಟ್ಟಳು. "ಯಾಕ? ನಾ ಈಗ ಭಾಗಾಕಾರಕ್ಕ ಬಂದೀನಿ. ಇನ್ನ ಶೇಷ ಉಳಿಯೂದು ಕಲಿಸಿಲ್ಲ." ಹೇಳುತ್ತ ಹೇಳುತ್ತ ಅವಳ ತುಟಿ ನಡುಗಿ ಅಳು ಬಂದುಬಿಟ್ಟಿತು. ಮೋನಪ್ಪನಿಗೆ ಸಂಕಟವಾಯಿತು. ಆ ಸಂಕಟಕ್ಕೆ ಏನು ಹೇಳಬೇಕೆಂದು ತಿಳಿಯದೆ, ತಂದೆಯೆನಿಸಿಕೊಂಡವನು ಹೇಳುವ ಹಾಗೆ ಒಂದು ಬುದ್ಧಿಮಾತು ಹೇಳಿದ.

"ಅಳಬ್ಯಾಡ. ಆ ಅಕ್ಕೋರು ಸರಿಯಾಗೇನ ಕಲಿಸಿಲ್ಲ ನಿನಗ. ಎಣಸೂ ಮುಂದ ಒಂದು ಅನಬಾರದು, ಲಾಭ ಅನಬೇಕು."

"ಯಾಕ?" ಅಂದಳು ಕಾಳಿ, ಮೂಗೊರೆಸಿಕೊಳ್ಳುತ್ತ.

ಈ 'ಯಾಕ'ಕ್ಕೆ ಅವನ ಹತ್ತಿರ ಬಿಲ್ಲೆ ಇರಲಿಲ್ಲ.

ಮರುದಿನ ಆಫೀಸಿಗೆ ಹೊಟ್ಟೆನೋವೆಂದು ಹೇಳಿ ಮೋನಪ್ಪ ಕುಂಬಾರ ಓಣಿಗೆ ಹೋದ. ಮಡಕೆ ಸುಡುವ ಆವಿಗೆಯ ಪಕ್ಕದಲ್ಲಿ ಒಂದೇ ಕೋಣೆಯ ಶಾಲೆ. ಹನ್ನೊಂದು ಮಕ್ಕಳು ನೆಲದ ಮೇಲೆ, ತಾರಾಬಾಯಿ ಅಕ್ಕೋರು ಕುರ್ಚಿಯ ಮೇಲೆ. ಅಕ್ಕೋರಿಗೆ ಎಪ್ಪತ್ತನಾಲ್ಕು ವರ್ಷ. ಪಗಾರ ನಿಂತು ಎಷ್ಟು ಕಾಲವಾಯಿತೆಂದು ಅವರೇ ಮರೆತಿದ್ದರು.

"ಅಕ್ಕೋರ, ನಾನು ಕಾಳಿಕಾನ ತಂದಿ. ಒಂದು ತಕರಾರು ಐತ್ರಿ. ನಮ್ಮ ಹುಡುಗಿ ಎಣಸೂ ಮುಂದ ಲಾಭ ಅನ್ನದ ಒಂದು ಅಂತಾಳ. ನಾಳೆ ನೌಕರಿಗೆ ಸೇರಿದ ಮ್ಯಾಲ ತ್ರಾಸ ಆಗತೈತಿ."

ಅಕ್ಕೋರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಮಕ್ಕಳೂ ನಕ್ಕರು. ಆ ಮಕ್ಕಳಿಗೆ ಯಾಕೆಂದು ಗೊತ್ತಿರಲಿಲ್ಲ, ಅಕ್ಕೋರು ನಕ್ಕದ್ದೇ ಅವರಿಗೆ ಹಬ್ಬ.

"ಯಪ್ಪಾ, ಕೂಡು ಇಲ್ಲೆ. ಆ ಎಣಿಕಿ ಬಿಲ್ಲೆ ಯಾರ ತಲಿಯಿಂದ ಮಾಡಿದ್ದು ಗೊತ್ತೈತೇನು? ಕಾಳಕಡಿ ಪ್ಯಾಟ್ಯಾಗ ಧಾನ್ಯ ಅಳೀತಿದ್ನಲ್ಲ, ಫಕ್ಕೀರಪ್ಪ ಅಂತ, ಅವನ ತಲಿಯಿಂದ. ಆಗ ದೊಡ್ಡ ಪೈಪೋಟಿ ಇಟ್ಟಿದ್ರು, ಎಲ್ಲಾರಿಗಿಂತ ಬಿರಬಿರ ಎಣಸಾವ ಯಾರು ಅಂತ. ಎಂ.ಎ. ಮಾಡಿದಾವ್ರೆಲ್ಲ ಸೋತ್ರು, ಫಕ್ಕೀರಪ್ಪ ಗೆದ್ದ. ಐವತ್ತು ವರ್ಷ ಜ್ವಾಳ ಅಳದಾವ, ಒಂದು ಸೇರು ತಪ್ಪಿದಾವಲ್ಲ."

"ಹೌದ್ರಿ, ಮತ್ತ?"

"ಮತ್ತೇನು! ರಾಶಿ ಅಳೀಯೂ ಮುಂದ ಮೊದಲನೇ ಸೇರಿಗೆ ಒಂದು ಅನ್ನಂಗಿಲ್ಲ. ಲಾಭ ಅಂತಾರ. ಒಳ್ಳೇದಾಗಲಿ ಅಂತ ಶುಭದ ಮಾತು ಅದು. ಲಾಭ, ಎರಡು, ಮೂರು. ಅದು ಜ್ವಾಳಕ್ಕ ಅನ್ನೂ ಮಾತೋ ಯಪ್ಪಾ. ನೀವು ಅದನ್ನ ಇಡೀ ಸೀಮಿಗೆ ಹಚ್ಚಿ ಕುಂತೀರಿ."

ಮೋನಪ್ಪ ಅಲ್ಲೇ, ಮಕ್ಕಳ ನಡುವೆ ನೆಲದ ಮೇಲೆ ಕುಸಿದು ಕೂತ. ಲಾಭ ಸೇತುವೆ ಕುಸಿಯಿತು. ಲಾಭ ಶಾಲೆ ಮುಚ್ಚಲಾಯಿತು. ದೊಡ್ಡವ್ವನಿಗೆ ಹಣೆಪಟ್ಟಿ ಇಲ್ಲ, ಕಾಳುಕಡಿ ಪೇಟೆ ಗೊತ್ತಿಲ್ಲ. ಅದು ಕೇಳಿದ ಮಾತನ್ನು ಕೇಳಿದ ಹಾಗೆಯೇ ತೆಗೆದುಕೊಂಡಿದೆ. ಒಂದು ಮುಚ್ಚಿದಾಗ ಲಾಭ ಎಂದು ಕೇಳಿಸಿದೆ, ಎರಡು ಮುಚ್ಚಿದಾಗ ಕೇಳಿಸಿಲ್ಲ. ಅದಕ್ಕೇ ವಾರಕ್ಕೊಂದು! ಅದಕ್ಕೇ ಹೋದ ವರ್ಷ ಸೇತುವೆಗಳ ಬಗ್ಗೆಯೂ "ಒಂದೊಂದಾಗಿ ಕುಸಿಯುವಂತೆ ಏರ್ಪಾಡು ಮಾಡಿರಿ" ಎಂದು ಸಲಹೆ ಕೊಟ್ಟಿತ್ತು! ಆಗ ಎಲ್ಲರೂ ಯಂತ್ರದ ದೂರದೃಷ್ಟಿಗೆ ತಲೆದೂಗಿದ್ದರು.

ಹದಿನಾಲ್ಕು ವರ್ಷದಿಂದ ಆ ಕುರ್ಚಿಯಲ್ಲಿ ಕೂತವನು ಅವನೇ. ಏಳುನೂರು ಚಿಲ್ಲರೆ ಶಾಲೆಗಳು ಅವನ ಗಂಟೆಯಂಥ ದನಿಯಿಂದಲೇ ಮುಚ್ಚಿದ್ದವು. ಮೋನಪ್ಪನಿಗೆ ಅಲ್ಲೇ ಕಣ್ಣೀರು ಬಂತು. ಮುಖ ಮುಚ್ಚಿಕೊಂಡ. ಪಕ್ಕದಲ್ಲಿದ್ದ ಕಾಳಿ ತನ್ನ ಸ್ಲೇಟು ಒರೆಸುವ ಬಟ್ಟೆಯನ್ನು ಅಪ್ಪನ ಕೈಗೆ ಕೊಟ್ಟಳು. ಒರೆಸಿಕೊಂಡ ಮೇಲೆ ಅವನ ಮುಖವೆಲ್ಲ ಬೆಳ್ಳಗಾಯಿತು.

"ಅತ್ತರ ಏನ್ ಬಂತು?" ಅಂದರು ಅಕ್ಕೋರು. "ಹೋಗಿ ಆ ನಿಮ್ಮ ದೊಡ್ಡವ್ವಗ ತಿದ್ದಿ ಹೇಳು."

ತಿದ್ದಿ ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. ದೊಡ್ಡವ್ವನಲ್ಲಿ ತಿದ್ದುಪಡಿ ಎಂಬ ಹಳದಿ ಗುಂಡಿ ಇತ್ತು. ಅದನ್ನು ಒತ್ತಿದರೆ ಯಂತ್ರ ಕೇಳುತ್ತಿತ್ತು: "ತಿದ್ದುವವರಿಗೆ ಲೆಕ್ಕ ತಿಳಿದಿರತಕ್ಕದ್ದು. ನೂರರವರೆಗೆ ಎಣಿಸಿರಿ." ಯಾರು ಎಣಿಸಲು ಹೋದರೂ "ಲಾಭ" ಎನ್ನುತ್ತಲೇ "ಅದು ಸಂಖ್ಯೆಯಲ್ಲ, ಅನುತ್ತೀರ್ಣ" ಎಂದು ಬಾಯಿ ಮುಚ್ಚಿಸುತ್ತಿತ್ತು. ಗುಂಡಿ ಕೆಟ್ಟಿದೆಯೆಂದು ಅದರ ಮೇಲೆ ಚಿಂದಿ ಸುತ್ತಿಟ್ಟು ಮೂವತ್ತು ವರ್ಷವಾಗಿತ್ತು. ಇನ್ನು ಯಂತ್ರ ವರದಿ ಒಪ್ಪಿಸುವವನ ದನಿಯನ್ನು ಬಿಟ್ಟು ಬೇರೆ ಯಾರ ದನಿಯಿಂದಲೂ ತಿದ್ದುಪಡಿ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಹೋಗಬೇಕಾದವನು ಮೋನಪ್ಪನೇ. ಪಟ್ಟಿ ಕಟ್ಟಿದ್ದರೆ ನಾಲಿಗೆ ಕೇಳುವುದಿಲ್ಲ, ಕಟ್ಟದಿದ್ದರೆ ಎಣಿಸಲು ಬರುವುದಿಲ್ಲ. ಸೋಮವಾರದೊಳಗೆ, ಬರಿಯ ತಲೆಯಲ್ಲಿ, ನೂರರವರೆಗೆ.

"ಮೂರು ದಿನದಾಗ ನಾ ಕಲಿಸ್ತೀನಿ ಅಪ್ಪಾ," ಅಂದಳು ಕಾಳಿ. "ಆದ್ರ ನಾ ಹೇಳಿದಂಗ ಕೇಳಬೇಕು ನೀ."

ಶುಕ್ರವಾರ ಸಂಜೆ ಹತ್ತು ಬಂತು. ಶನಿವಾರ ಮುಂಜಾನೆ ಎದ್ದರೆ ಏಳು ಮರೆತಿತ್ತು. ಮೋನಪ್ಪ ಕಂಗಾಲಾದ. ಇದ್ದದ್ದು ಹೇಗೆ ಹೋಯಿತು? ಪಟ್ಟಿಯಲ್ಲಿ ಹಾಗೆ ಆಗುವುದಿಲ್ಲವಲ್ಲ? ಕಾಳಿ ಮಾತ್ರ ಅನುಭವಸ್ಥೆಯ ಹಾಗೆ ತಲೆಯಾಡಿಸಿದಳು. "ಮರೀತೈತಿ ಅಪ್ಪಾ. ಮರತು ಮರತು ಆಮ್ಯಾಲ ಕುಂದರತೈತಿ. ಅಂಜಬ್ಯಾಡ."

ಮಧ್ಯಾಹ್ನದ ಹೊತ್ತಿಗೆ ಗಾಡಿ ಇಪ್ಪತ್ತೊಂಬತ್ತಕ್ಕೆ ಬಂದು ನಿಂತಿತು.

"ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಇಪ್ಪತ್ತಹತ್ತು..."

"ಇಪ್ಪತ್ತಹತ್ತು ಇಲ್ಲ ಅಪ್ಪಾ!"

"ಯಾಕಿಲ್ಲ? ಎಂಟಾತು, ಒಂಬತ್ತಾತು, ಹತ್ತ ಯಾಕ ಬ್ಯಾಡ? ಅದೇನ್ ತಪ್ಪ ಮಾಡೈತಿ?"

"ಮೂವತ್ತು ಅನಬೇಕು."

"ಇದು ಅನ್ಯಾಯ," ಅಂದ ಮೋನಪ್ಪ. ಹೊರಗೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಚಂಪವ್ವ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಆದರೆ ಆಮೇಲೆ ಮೋನಪ್ಪ ನೋಡಿದ, ಅವಳ ತುಟಿಯೂ ಅಲುಗುತ್ತಿತ್ತು: ಮೂವತ್ತೊಂದು, ಮೂವತ್ತೆರಡು.

ಭಾನುವಾರ ಎಪ್ಪತ್ತು, ಎಂಬತ್ತು, ತೊಂಬತ್ತು ಮೂರೂ ಸೇರಿ ಅವನ ಜೀವ ತಿಂದವು. ಎಪ್ಪತ್ತೊಂಬತ್ತಾದ ಮೇಲೆ ನೇರ ತೊಂಬತ್ತಕ್ಕೆ ಹಾರುತ್ತಿದ್ದ. ಸಿಟ್ಟು ಬಂದು ಪಟ್ಟಿಗೆ ಕೈ ಹಾಕಿದಾಗ ಕಾಳಿ ಗೂಟದ ಮುಂದೆ ಕೈ ಅಗಲಿಸಿ ನಿಂತಳು. ಸಂಜೆಗೆ ಒಂದು ಸಲ, ಒಂದೇ ಸಲ, ನೂರು ಮುಟ್ಟಿದ. ಮುಟ್ಟಿದವನು ಮಗಳನ್ನು ಎತ್ತಿಕೊಂಡು ಓಣಿಯ ತುದಿಯ ತನಕ ಓಡಿದ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ, ಇದನ್ನು ಅವನು ಚಂಪವ್ವನಿಗೆ ಹೇಳಿ ಬೈಸಿಕೊಂಡ.

ಸೋಮವಾರ ಕೇಂದ್ರದಲ್ಲಿ ಮಾವಿನ ತೋರಣ. ಮಂತ್ರಿ ದುಂಡಸಿಯವರು ಚೆಂಡುಹೂವಿನ ಹಾರದಲ್ಲಿ ಗಲ್ಲದವರೆಗೆ ಮುಳುಗಿದ್ದರು. ಮೇಜಿನ ಮೇಲೆ ಮುಚ್ಚುವ ಆದೇಶ, ಅದರ ಪಕ್ಕ ಹನ್ನೊಂದು ಪುಟ್ಟ ಹಣೆಪಟ್ಟಿಗಳು. ಮಕ್ಕಳು ಗೋಡೆಗೆ ಸಾಲಾಗಿ ನಿಂತಿದ್ದರು, ಪಕ್ಕದಲ್ಲಿ ಅಕ್ಕೋರು. ಚಂಪವ್ವ ಬಾಗಿಲ ಹತ್ತಿರ ನಿಂತಿದ್ದಳು.

"ಸುರು ಮಾಡೋ ಮೋನಪ್ಪ," ಅಂದರು ಮಂತ್ರಿಗಳು.

ಮೋನಪ್ಪ ಕುರ್ಚಿಯಲ್ಲಿ ಕೂತ. ಹಣೆಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟ. ಪಟ್ಟಿ ಬಿಚ್ಚಿದ ಅಧಿಕಾರಿಯನ್ನು ಆಫೀಸಿನಲ್ಲಿ ಯಾರೂ ನೋಡಿರಲಿಲ್ಲ. ಅವನು ಅಂಗಿಯನ್ನೇ ಬಿಚ್ಚಿದ್ದರೂ ಜನ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಅವನು ಹಳದಿ ಗುಂಡಿಗೆ ಸುತ್ತಿದ್ದ ಚಿಂದಿ ಕಿತ್ತು, ಒತ್ತಿದ.

"ತಿದ್ದುವವರಿಗೆ ಲೆಕ್ಕ ತಿಳಿದಿರತಕ್ಕದ್ದು," ಅಂದಿತು ದೊಡ್ಡವ್ವ. "ನೂರರವರೆಗೆ ಎಣಿಸಿರಿ."

"ಒಂದು," ಅಂದ ಮೋನಪ್ಪ. ಯಂತ್ರ ತಡೆಯಲಿಲ್ಲ.

ಎರಡು, ಮೂರು, ನಾಲ್ಕು. ಇಪ್ಪತ್ತೊಂಬತ್ತಕ್ಕೆ ಬಂದಾಗ ಬೆವರಿದ, ಮೂವತ್ತು ಎಂದ. ಅರವತ್ತು ದಾಟಿದ. ಎಪ್ಪತ್ತೊಂಬತ್ತು ಎಂದವನು ನಿಂತುಬಿಟ್ಟ. ಮಗಳ ಕಡೆ ನೋಡಬಾರದೆಂದು ಕಣ್ಣು ಮುಚ್ಚಿಕೊಂಡ. ಏಳು ಹತ್ತಾಗಿದೆ, ಇನ್ನು ಬರುವುದು ಎಂಟನೆಯ ಹತ್ತು. ಎಂಟು... "ಎಂಬತ್ತು!" ಗಂಟೆ ಹೊಡೆದಂತೆ ಕೂಗಿದ. ಅಲ್ಲಿಂದ ಇಳಿಜಾರಿನಲ್ಲಿ ಬಿಟ್ಟ ಗಾಡಿಯ ಹಾಗೆ ಹೋಗಿ ನೂರಕ್ಕೆ ಮುಟ್ಟಿದ.

"ಉತ್ತೀರ್ಣ. ತಿದ್ದುಪಡಿ ಏನು?"

"ನಮ್ಮ ಆಫೀಸಿನವರು ಇವತ್ತಿನ ತನಕ ಎಣಸೂ ಮುಂದ ಲಾಭ ಅಂದದ್ದೆಲ್ಲ ಒಂದು ಅಂತ ತಿಳ್ಕೋ ದೊಡ್ಡವ್ವ. ಅದು ಲಾಭ ಅಲ್ಲ. ಬರೇ ಒಂದು."

ಮೂವತ್ತೈದು ವರ್ಷದ ಸೋಮವಾರಗಳನ್ನೆಲ್ಲ ಯಂತ್ರ ಮತ್ತೆ ಕೇಳಿಸಿಕೊಂಡಿತು. ಬಹಳ ಹೊತ್ತಾದ ಮೇಲೆ ಕೇಳಿತು: "ಹಾಗಾದರೆ ಲಾಭ ಎಲ್ಲಿದೆ?"

ಹೊರಗಿನ ಬೋರ್ಡಿನಲ್ಲಿ ಹಸಿರು ಅಕ್ಷರ ಆರಿಹೋಯಿತು. ಶೇಂಗಾ ಸುಲಿಯುತ್ತಿದ್ದವರು ಹೋ ಎಂದು ಕೂಗಿದ್ದು ಮೇಲಿನ ತನಕ ಕೇಳಿಸಿತು.

ಮಂತ್ರಿಗಳ ಮುಖ ಕೆಂಪೇರಿತು. "ಏನ್ ಮಾಡಿದ್ಯೋ ಮಂಗ್ಯಾನ ಮಗನ! ಹಾಕ್ಕೋ ಪಟ್ಟಿ! ಮತ್ತ ಲಾಭ ಅನ್ನು, ಮೊದಲಿನಂಗ ಮಾಡು! ಇಲ್ಲಾಂದ್ರ ಇವತ್ತ ನಿನ್ನ ನೌಕರಿ ಹೋತು."

"ನೌಕರಿ ಹೋಗಲ್ರಿ ಸಾಹೇಬ್ರ," ಅಂದ ಮೋನಪ್ಪ. "ಏಳುನೂರು ಶಾಲಿ ಮುಚ್ಚಿದ ಬಾಯಿ ಇದು. ಇನ್ನೊಂದು ಮುಚ್ಚಂಗಿಲ್ಲ. ಬೇಕಾರ ದೊಡ್ಡವ್ವನ್ನ ನೀವ ಕೇಳ್ರಿ, ಗಿರಣಿ ಯಾಕ ನಿಂತಾವ ಅಂತ."

ಮಂತ್ರಿಗಳು ಕೇಳಲಿಲ್ಲ. ಆದರೆ ದೊಡ್ಡವ್ವ ತಾನಾಗಿಯೇ ಹೇಳಿತು. "ಬಿಲ್ಲೆಗಳು ಸವೆಯುತ್ತಿವೆ. ಹೊಸದಕ್ಕೆ ಮೂಲತಲೆಗಳಿಲ್ಲ. ಮೂಲತಲೆಗಳು ಶಾಲೆಯಿಂದ ಬರುತ್ತವೆ. ಈಗಿನ ದಾರಿಯಲ್ಲಿ ಹೋದರೆ ಇನ್ನು ಹನ್ನೆರಡು ವರ್ಷಕ್ಕೆ ಈ ಸೀಮೆಯಲ್ಲಿ ಯಾರಿಗೂ ಏನೂ ಬರುವುದಿಲ್ಲ. ಶಾಲೆಗಳನ್ನು ತೆರೆದರೆ, ಇಪ್ಪತ್ತೆರಡು ವರ್ಷಕ್ಕೆ ನಾಡು ತನ್ನ ಕಾಲ ಮೇಲೆ ನಿಲ್ಲುತ್ತದೆ. ನಡುವೆ ಕಷ್ಟವಿದೆ. ಬೇಗ ಆಗುವ ದಾರಿ ಇಲ್ಲ."

ದುಂಡಸಿಯವರು ಕುರ್ಚಿಯಲ್ಲಿ ಕುಕ್ಕರಿಸಿದರು. ಸಿಟ್ಟು ಇಳಿದು, ಮುಖ ಸಣ್ಣದಾಗಿ ಕಂಡಿತು. ಅವರಿಗೆ ಎಪ್ಪತ್ತೊಂದು ವರ್ಷ.

"ಇಪ್ಪತ್ತೆರಡು ವರ್ಷ," ಅಂದರು. "ಇವತ್ತು ಬಿತ್ತಿ ಇಪ್ಪತ್ತೆರಡು ವರ್ಷ ಯಾರು ಕಾಯಬೇಕು? ಅಷ್ಟರಾಗ ನಾ ಇರಂಗಿಲ್ಲ."

"ನಾ ಇರ್ತೀನ್ರಿ," ಅಂದಳು ಕಾಳಿ.

ಗೋಡೆಯ ಹತ್ತಿರದಿಂದ ಬಂದ ಆ ಸಣ್ಣ ದನಿಗೆ ಎಲ್ಲರೂ ತಿರುಗಿದರು. ಅವಳಿಗೇ ಗಾಬರಿಯಾಗಿ ಅಕ್ಕೋರ ಸೀರೆ ಹಿಡಿದುಕೊಂಡಳು. ಮಂತ್ರಿಗಳು ಅವಳನ್ನೇ ನೋಡಿದರು. ಅವಳನ್ನು, ಅವಳ ಪಕ್ಕದ ಹತ್ತು ಮಕ್ಕಳನ್ನು, ಮೇಜಿನ ಮೇಲಿನ ಹನ್ನೊಂದು ಪಟ್ಟಿಗಳನ್ನು ನೋಡಿದರು.

"ನಿನಗೀಗ ಎಷ್ಟು ವರ್ಷವ್ವ?"

"ಎಂಟ್ರಿ."

"ಅವಾಗ ಎಷ್ಟಾಗತೈತಿ?" ಎನ್ನುತ್ತ ಮಂತ್ರಿಗಳು ರೂಢಿಯಂತೆ ಯಂತ್ರದ ಕಡೆ ತಿರುಗಿದರು.

"ತಡೀರಿ ಸಾಹೇಬ್ರ. ಯಂತ್ರ ಬ್ಯಾಡ," ಅಂದ ಮೋನಪ್ಪ. "ನಾ ಹೇಳ್ತೀನಿ."

ಕೂಡುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಮೂರು ದಿನದಲ್ಲಿ ಅಷ್ಟು ದೂರ ಬರಲು ಆಗಿರಲಿಲ್ಲ. ಎಂಟು ಎಂದು ಮನಸ್ಸಿನಲ್ಲಿಟ್ಟುಕೊಂಡು ಬೆರಳು ಮಡಚತೊಡಗಿದ. ಒಂಬತ್ತು, ಹತ್ತು, ಹನ್ನೊಂದು... ಹದಿನೆಂಟಕ್ಕೆ ಅವನ ಬೆರಳು ಮುಗಿದವು. ಸುತ್ತ ನೋಡಿದ. ಹತ್ತಿರವಿದ್ದವರು ಮಂತ್ರಿಗಳೇ. "ಕೈ ಕೊಡ್ರಿ," ಅಂದ. ದುಂಡಸಿಯವರು ಏನೂ ತೋಚದೆ ಎರಡೂ ಕೈ ಮುಂದೆ ಚಾಚಿದರು. ಮೋನಪ್ಪ ಅವರ ಉಂಗುರ ತೊಟ್ಟ ಬೆರಳುಗಳನ್ನು ಒಂದೊಂದಾಗಿ ಮಡಚಿದ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಯಾರೂ ನಗಲಿಲ್ಲ. ಇಪ್ಪತ್ತೆಂಟಕ್ಕೆ ಅವೂ ಮುಗಿದವು. ಇನ್ನೆರಡು ಬೇಕಿತ್ತು. ಕಾಳಿ ಬಂದು ತನ್ನ ಎರಡು ಬೆರಳು ಎತ್ತಿ ಹಿಡಿದಳು.

"ಇಪ್ಪತ್ತೊಂಬತ್ತು," ಅಂದ ಮೋನಪ್ಪ, ಒಂದನ್ನು ಮಡಚಿ. ಇನ್ನೊಂದನ್ನು ಮೆಲ್ಲನೆ ಮಡಚಿದ. "ಮೂವತ್ತು. ಮೂವತ್ತು ವರ್ಷದಾಕಿ ಆಗಿರತಾಳ್ರಿ ನನ್ನ ಮಗಳು."

ದುಂಡಸಿಯವರು ಮಡಚಿದ ಬೆರಳುಗಳನ್ನು ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಬಿಟ್ಟರೆ ಲೆಕ್ಕ ಹೋಗಿಬಿಟ್ಟೀತು ಎಂಬಂತೆ. ಆಮೇಲೆ ಒಂದೊಂದಾಗಿ ಬಿಡಿಸಿ, ಆ ಕೈಗಳಿಂದಲೇ ಮುಚ್ಚುವ ಆದೇಶವನ್ನು ಎತ್ತಿಕೊಂಡು ಹರಿದರು.